ಕೆಳಗೆ ಕೆಂಪು, ಮೇಲೆ ಕೊಕ್ಕು

"ಇದೂ ಅಲ್ಲ," ಎಂದ ಮೈದುನ, ಹಲ್ಲಿನ ಸಂದಿಗೆ ಸಿಕ್ಕಿದ್ದ ಮಾವಿನ ನಾರನ್ನು ಬೆರಳು ಹಾಕಿ ಎಳೆದು ಮಂಡಿಯ ಕಂಬಕ್ಕೆ ಒರೆಸಿದ.

"ಥೂ! ಕರವಸ್ತ್ರ ಅಂತ ಒಂದು ಇರುತ್ತಪ್ಪ ಲೋಕದಲ್ಲಿ," ಎಂದು ಇನ್‌ಸ್ಪೆಕ್ಟ್ರಮ್ಮ ಮುಖ ತಿರುಗಿಸಿದರು.

ತಿರುಗಿಸಿದ ಕಡೆಯೂ ಸುಖವಿರಲಿಲ್ಲ. ಕೊಳೆತ ಹಣ್ಣಿನ ರಾಶಿಗೆ ನೊಣ ಮುತ್ತಿತ್ತು. ರಾಶಿಯ ಪಕ್ಕದಲ್ಲೇ ಕೂತಿದ್ದ ಹಮಾಲಿಯೊಬ್ಬ ಮೂಗು ಸೀನಿ, ಆ ಕೈಯನ್ನು ಗೋಣಿಚೀಲಕ್ಕೆ ಒರೆಸಿ, ಅದೇ ಚೀಲದಿಂದ ಒಂದೊಂದೇ ಹಣ್ಣನ್ನು ಉಜ್ಜಿ ಹೊಳಪು ಮಾಡಿ ಬುಟ್ಟಿಗೆ ಜೋಡಿಸುತ್ತಿದ್ದ. ಆ ಹೊಳಪು ನೋಡಿ ಒಬ್ಬ ಗೃಹಿಣಿ "ಎಷ್ಟು ಫ್ರೆಶ್ ಆಗಿದೆ ನೋಡು" ಎಂದು ಗಂಡನಿಗೆ ಹೇಳುತ್ತಿದ್ದಳು.

ಜನ ಇನ್‌ಸ್ಪೆಕ್ಟ್ರಮ್ಮ ಎಂದು ಕರೆದರೂ ಪೊಲೀಸ್ ಇನ್‌ಸ್ಪೆಕ್ಟರ್ ಅಲ್ಲ ಅವರು. ಕೆಲಸದಲ್ಲಿದ್ದಷ್ಟು ಕಾಲ ಹೋಟೆಲುಗಳ ಅಡುಗೆಮನೆ, ದಿನಸಿ ಗೋದಾಮು, ಬೇಕರಿಗಳ ಹಿಂಬಾಗಿಲು ಅಂತ ಹೊಕ್ಕು ಜನ ತಿನ್ನುವ ಪದಾರ್ಥದ ತಪಾಸಣೆ ಮಾಡಿದವರು. ಕಂಡದ್ದನ್ನು ಮರೆಯಲಾಗದೆ, ಈಗ ಮದುವೆಮನೆಗೆ ಹೋದರೂ ನೀರಿನ ಬಾಟಲಿ ಮನೆಯಿಂದಲೇ ಒಯ್ಯುತ್ತಾರೆ. ಮಾವಿನ ಹಣ್ಣಂತೂ ಅವರ ಪಾಲಿಗೆ ಸತ್ತೇ ಹೋಗಿತ್ತು. ಒಮ್ಮೆ ಹಣ್ಣು ಮಾಗಿಸುವ ಗೋದಾಮಿಗೆ ನುಗ್ಗಿ ಹುಲ್ಲು ಸರಿಸಿ ನೋಡಿದರೆ, ಮಾವಿನ ಹಣ್ಣಿನ ನಡುವೆ ನಾಯಿಯೊಂದು ಮರಿ ಹಾಕಿ ಬೆಚ್ಚಗೆ ಮಲಗಿತ್ತು. "ಪಾಪ, ಬಾಣಂತಿ" ಎಂದಿದ್ದ ಗೋದಾಮಿನ ಮಾಲೀಕ. ಆ ಹಣ್ಣುಗಳನ್ನೂ ಅವನು ಮಾರಿದ ಎಂದು ಆಮೇಲೆ ತಿಳಿಯಿತು.

ಅಂಥವರು ಈಗ ಮಾವಿನ ಮಂಡಿಯಲ್ಲಿ ಸೆರಗಿನಿಂದ ಮೂಗು ಮುಚ್ಚಿಕೊಂಡು ಅಲೆಯುತ್ತಿದ್ದರು ಅಂದರೆ ಅದಕ್ಕೆ ಕಾರಣ ಒಂದೇ. ಸಸಿ ಮಾರಿ ಹೆಸರಾಗಿದ್ದ ನರ್ಸರಿಯ ಯಜಮಾನರು ಜಗಲಿಯಲ್ಲಿ ಕೂತು ಮಾವಿನ ಹಣ್ಣು ತಿಂದು ಸತ್ತಿದ್ದರು, ಹೊಟ್ಟೆಯಲ್ಲಿದ್ದ ಹಣ್ಣಿನಲ್ಲಿ ವಿಷವಿತ್ತೆಂದು ಹೆಣದ ಪರೀಕ್ಷೆಯಲ್ಲಿ ಗೊತ್ತಾಗಿತ್ತು, ಮತ್ತು ಆ ಮನೆಯ ಅಡುಗೆಯವಳು, ಅಂದರೆ ಈ ಮೈದುನನ ಹೆಂಡತಿ, ಇನ್‌ಸ್ಪೆಕ್ಟ್ರಮ್ಮನ ಓರಗಿತ್ತಿ, ಲಾಕಪ್ಪಿನಲ್ಲಿದ್ದಳು.

"ಬೆಳಿಗ್ಗೆ ಮಾರ್ಕೆಟಿನಿಂದ ಹಣ್ಣು ತಂದವಳು ಅವಳೇ, ತಟ್ಟೆಯಲ್ಲಿಟ್ಟವಳೂ ಅವಳೇ. ಇನ್ನೇನು ಬೇಕು?" ಎಂದಿದ್ದರು ಠಾಣೆಯ ಸಾಹೇಬರು.

"ನಾನು ತಂದಿದ್ದು ದುಂಡನೆ ಹಳದಿ ಹಣ್ಣು ಅಕ್ಕಾ," ಎಂದು ಕಂಬಿಯಾಚೆಯಿಂದ ಅತ್ತಿದ್ದಳು ಓರಗಿತ್ತಿ. "ಅವರು ಹೇಳ್ತಿರೋ ಅಂಥ ಹಣ್ಣು ನಾನು ಹುಟ್ಟಿದಾಗಿಂದ ಕಂಡಿಲ್ಲ. ಯಾರೋ ಬದಲಾಯಿಸಿದಾರೆ. ನನ್ನ ಕೈ ಮುಟ್ಟಿ ನೋಡಿ, ಈ ಕೈ ವಿಷ ಹಾಕುತ್ತಾ?"

ಸತ್ತವರು ತಿಂದದ್ದು ಮಾರ್ಕೆಟಿನಲ್ಲಿ ಸಿಗುವ ಹಣ್ಣಾದರೆ ಅವಳ ಕಥೆ ಮುಗಿಯಿತು. ಸಿಗದ ಹಣ್ಣಾದರೆ, ಅದನ್ನು ತಟ್ಟೆಗೆ ಇಟ್ಟವರು ಬೇರೆ ಯಾರೋ ಎಂದಾಯಿತು. ಸಾಹೇಬರು ಅಷ್ಟಕ್ಕೆ ಒಪ್ಪಿದ್ದರು. "ಯಾವ ಜಾತಿ ಅಂತ ಹುಡುಕಿ ಕೊಡಿ ಮೇಡಂ, ಬಿಟ್ಟು ಕಳಿಸೋಣ" ಎಂದು ಹಲ್ಲುಕಡ್ಡಿ ಅಗಿಯುತ್ತ ಹೇಳಿದ್ದರು.

ಹುಡುಕುವುದು ಎಲ್ಲಿಂದ? ಸಿಪ್ಪೆಯೂ ಇಲ್ಲ, ವಾಟೆಯೂ ಇಲ್ಲ. ಜಗಲಿ ಗುಡಿಸಿದ ಕಸ ಲಾರಿ ಹತ್ತಿ ಹೋಗಿತ್ತು. ಆ ಹಣ್ಣನ್ನು ಇಡಿಯಾಗಿ ಕಂಡ ಕಣ್ಣು ಉಳಿದದ್ದು ಒಬ್ಬರದೇ, ಯಜಮಾನರ ಎದುರಿಗೆ ಕೂತಿದ್ದ ಅವರ ಅಕ್ಕನದು. ಆ ಮುದುಕಿಗೋ, ತಮ್ಮ ತನ್ನ ಕಣ್ಣೆದುರೇ ಒದ್ದಾಡಿ ಸತ್ತ ಮೇಲೆ ಮಾತೇ ಬಿದ್ದುಹೋಗಿತ್ತು. ಮಾತು ಬೀಳುವ ಮೊದಲು ಆಕೆ ಮನೆಯ ಅಳಿಯನ ಹತ್ತಿರ ಹಣ್ಣು ಹೇಗಿತ್ತೆಂದು ಹೇಳಿದ್ದಳಂತೆ. ಅಳಿಯ ಅದನ್ನು ಊರಿಗೆಲ್ಲ ಹೇಳಿದ್ದ.

ಹೇಳಿದ್ದಾದರೂ ಯಾವಾಗ! ಹೆಣ ಇನ್ನೂ ಹಾಲ್‌ನಲ್ಲೇ ಇತ್ತು. ವಿಷದ ಮಾತು ಯಾರ ಬಾಯಲ್ಲೂ ಇನ್ನೂ ಬಂದಿರಲಿಲ್ಲ. ಎದೆ ನಿಂತುಹೋಯಿತು ಎಂದೇ ಎಲ್ಲರೂ ತಿಳಿದಿದ್ದರು. ನೋಡಲು ಬಂದವರೆಲ್ಲ ತೋಟದವರು, ಕಸಿ ಕಟ್ಟುವವರು, ಹಣ್ಣಿನ ವ್ಯಾಪಾರದವರು. ಬೇರೆ ಮನೆಯಲ್ಲಾದರೆ "ಕೊನೆಗೆ ಏನಂದರು?" ಎಂದು ಕೇಳುತ್ತಾರೆ. ಇಲ್ಲಿ ಕೇಳಿದ್ದು, "ಕೊನೆಗೆ ಯಾವ ಜಾತಿ ತಿಂದರು?" ಅಳಿಯ ಹೆಣದ ತಲೆಯ ಹತ್ತಿರ ನಿಂತು, ಎಲ್ಲ ತಿಳಿದವನ ಹಾಗೆ ಹಣ್ಣನ್ನು ವರ್ಣಿಸಿದ್ದ. ಅಲ್ಲೇ ಚರ್ಚೆ ಶುರುವಾಗಿ, ಸತ್ತವರ ಕಾಲಿನ ಬಳಿ ಇಬ್ಬರು ಬೆಟ್ಸ್ ಕಟ್ಟಿದ್ದರಂತೆ. ಮನುಷ್ಯರೋ ಇವರು ಎಂದು ಇನ್‌ಸ್ಪೆಕ್ಟ್ರಮ್ಮನಿಗೆ ಕೇಳಿದಾಗಲೇ ಅನ್ನಿಸಿತ್ತು.

ಈಗ ಅವರು ಆ ವರ್ಣನೆಯನ್ನೇ ಮಂಡಿಯ ದಲ್ಲಾಳಿಯೊಬ್ಬನ ಮುಂದೆ ಮತ್ತೆ ಒಪ್ಪಿಸಿದರು. "ಉದ್ದಕ್ಕಿದೆ. ಮೇಲೆ ಗಿಣಿ ಕೊಕ್ಕಿನ ಹಾಗೆ ಸೊಟ್ಟಗೆ ಚೂಪು. ಕೆಳಗೆ ಬರ್ತಾ ಬರ್ತಾ ದಪ್ಪ. ಮೇಲೆಲ್ಲ ಹಸಿರು, ಕೆಳಗಡೆ ಕೆಂಪು."

ದಲ್ಲಾಳಿ ಕಿವಿಯಲ್ಲಿ ಕಡ್ಡಿ ಆಡಿಸುತ್ತಿದ್ದ. ಆಡಿಸಿದ ಕಡ್ಡಿಯನ್ನು ತೆಗೆದು ಕಣ್ಣ ಹತ್ತಿರ ಹಿಡಿದು ಪರೀಕ್ಷಿಸಿ, ಆಮೇಲೆ ಉತ್ತರ ಕೊಟ್ಟ.

"ಅಮ್ಮಾ, ಬಿಸಿಲು ಬೀಳೋದು ತೊಟ್ಟಿನ ಕಡೆ. ಕೆಂಪು ಏರೋದೂ ಅಲ್ಲೇ, ಹಣ್ಣಿನ ಭುಜಕ್ಕೆ. ಕೆಳಗೆ ಕೆಂಪು, ಮೇಲೆ ಕೊಕ್ಕು ಅಂದ್ರೆ ತೊಟ್ಟು ಎಲ್ಲಿಂದ ಬರುತ್ತೆ, ಕೊಕ್ಕಿನಿಂದಲಾ? ಯಾರೋ ನಿಮ್ಮ ಕಿವಿ ಮೇಲೆ ಹೂವಿಟ್ಟಿದಾರೆ."

"ಹಾಗಾದ್ರೆ ಇಂಥ ಹಣ್ಣೇ ಇಲ್ವಾ?"

"ಗಿಣಿಮೂತಿ ಅನ್ನೋಣ ಅಂದ್ರೆ ಅದಕ್ಕೆ ಕೊಕ್ಕು ಕೆಳಗೆ. ಬೇರೆ ಯಾವುದಕ್ಕೂ ಇದು ಹೊಂದಲ್ಲ. ಇಷ್ಟು ವರ್ಷದಲ್ಲಿ ನನ್ನ ಮಂಡಿಗೆ ಬಂದಿಲ್ಲ ಬಿಡಿ."

ಮಂಡಿಯಲ್ಲಿ ಎಲ್ಲರೂ ಇದೇ ರಾಗ ಹಾಡಿದ್ದರು. ಕೆಲವರು ಮಾತ್ರ ವ್ಯಾಪಾರ ಬಿಡಬಾರದೆಂದು "ಇದೇ ಇರಬೇಕು, ತಿಂದು ನೋಡಿ" ಎಂದು ಏನೇನೋ ಕೊಯ್ದು ಕೊಟ್ಟಿದ್ದರು. ಮೈದುನ ಕೊಟ್ಟದ್ದನ್ನೆಲ್ಲ ತಿಂದಿದ್ದ. ಯಾರೂ ಕಾಣದ ಜಾತಿಯನ್ನು ರುಚಿ ನೋಡಿ ಹೇಗೆ ಕಂಡುಹಿಡಿಯುತ್ತೀಯ ಎಂದು ಕೇಳಿದರೆ ಮುಂದಿನ ಹೋಳಿಗೆ ಕೈ ಚಾಚುತ್ತಿದ್ದ. ಊಟದ ಮನೆಯಲ್ಲಿ ಎರಡನೇ ಪಂಕ್ತಿಗೂ ಕೂರುವ ಆಸಾಮಿ ಅವನು. ಆದರೆ ಇವತ್ತು ಒಂದೊಂದು ಹೋಳು ನುಂಗುವಾಗಲೂ ಕಣ್ಣಲ್ಲಿ ನೀರಾಡುತ್ತಿತ್ತು. ಹೆಂಡತಿಗಾಗಿ ಏನಾದರೂ ಮಾಡಬೇಕು, ಮಾಡಲು ಗೊತ್ತಿರುವುದು ತಿನ್ನುವುದೊಂದೇ.

"ಅತ್ತಿಗೆ, ಅವಳು ಅಲ್ಲಿ ನೆಲದ ಮೇಲೆ ಮಲಗ್ತಿದಾಳೆ," ಎಂದ ಮೂಗೊರೆಸುತ್ತ. "ಅವಳಿಗೆ ಸೊಂಟ ನೋವು."

"ಅಳಬೇಡ. ಮೊದಲು ಗದ್ದಕ್ಕೆ ಸುರಿದಿರೋ ಆ ರಸ ಒರೆಸಿಕೋ, ನೋಡೋಕಾಗ್ತಿಲ್ಲ. ಆ ಅಳಿಯನ್ನೇ ಇನ್ನೊಂದು ಸಲ ಕೇಳೋಣ ನಡಿ."

ನರ್ಸರಿಯ ಮನೆಯಲ್ಲಿ ಅವರಿಗೆ ಕಂಡದ್ದು ಇನ್ನಷ್ಟು ಹೇಸಿಗೆ. ಯಜಮಾನರ ಕೋಣೆಯಿಂದ ಮಂಚ, ಬೀರು ಎಲ್ಲ ಹೊರಬಿದ್ದಿದ್ದವು. ಮಗಳು ಅಪ್ಪನ ಶಾಲುಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು, ನುಸಿ ತಿಂದಿದೆಯೋ ಎಂದು ನೋಡುತ್ತಿದ್ದಳು. ಪಕ್ಕದ ಕೋಣೆಯಲ್ಲಿ ಮಾತು ಬಿದ್ದ ಮುದುಕಿ ಮಲಗಿದ್ದ ಹಾಸಿಗೆಯಿಂದ ನಾತ ಬರುತ್ತಿತ್ತು. ಬೆಳಗಿನ ಗಂಜಿ ಲೋಟದಲ್ಲೇ ಕೆನೆಗಟ್ಟಿತ್ತು, ಕೆನೆಯ ಮೇಲೆ ನೊಣ.

"ಇವರಿಗೆ ಯಾರೂ ಉಣಿಸಲ್ವಾ?" ಎಂದು ಇನ್‌ಸ್ಪೆಕ್ಟ್ರಮ್ಮ ಕೇಳಿದರು.

"ಅಡುಗೆಯವಳು ಉಣಿಸ್ತಿದ್ಲು. ಅವಳೀಗ ಇಲ್ವಲ್ಲ," ಎಂದಳು ಮಗಳು, ಶಾಲು ಮಡಚುತ್ತ.

ಇನ್‌ಸ್ಪೆಕ್ಟ್ರಮ್ಮ ಹಲ್ಲು ಕಚ್ಚಿ, ಮನೆಯಿಂದ ತಂದ ಬಾಟಲಿಯಿಂದ ಮುದುಕಿಯ ಬಾಯಿಗೆ ನೀರು ಬಿಟ್ಟು, ಗಂಜಿಯನ್ನು ಚೆಲ್ಲಿ, ಹೊರಬಂದರು. ಇಂಥ ಮನೆಯಲ್ಲಿ ವಿಷ ಹಾಕಲು ಹೊರಗಿನಿಂದ ಯಾಕೆ ಬರಬೇಕು ಯಾರಾದರೂ?

ಅಳಿಯ ಪ್ಯಾಕಿಂಗ್ ಶೆಡ್ಡಿನಲ್ಲಿದ್ದಾನೆ ಎಂದು ತಿಳಿಯಿತು. ತೋಟದ ಹಣ್ಣು ಪೆಟ್ಟಿಗೆ ತುಂಬಿ ಹೊರಡುವುದು ಅಲ್ಲಿಂದ. ಅದರ ಕಾರುಬಾರು ಅಳಿಯನದು. ಶೆಡ್ಡಿಗೆ ಹೋಗುವ ದಾರಿಯಲ್ಲಿ ಒಂದು ಒಂಟಿ ಮರ. ಸುತ್ತ ಆಳೆತ್ತರದ ತಂತಿಬೇಲಿ, ಬಾಗಿಲಿಗೆ ಬೀಗ. ಮರದಲ್ಲಿ ಒಂದು ಹಣ್ಣೂ ಉಳಿದಿರಲಿಲ್ಲ.

"ಇದ್ಯಾಕೆ ಈ ಮರಕ್ಕೆ ಜೈಲು?" ಎಂದ ಮೈದುನ.

ನೀರು ಬಿಡುತ್ತಿದ್ದ ಮಾಲಿ ನಕ್ಕ. "ದೊಡ್ಡೋರು ತಾವೇ ಹುಟ್ಟಿಸಿದ ಜಾತಿ ಅದು. ಇನ್ನೂ ಹೆಸರಿಟ್ಟಿಲ್ಲ. ಒಂದು ಕಡ್ಡಿ ಮುರ್ಕೊಂಡು ಹೋದ್ರೂ ಸಾಕು, ಯಾರು ಬೇಕಾದ್ರೂ ಕಸಿ ಕಟ್ಕೊಂಡು ನಮ್ಮದೇ ಅಂತಾರೆ. ಅದಕ್ಕೆ ಬೀಗ. ಹಣ್ಣು ಬಿಟ್ರೆ ಅವರೇ ಕಿತ್ತು, ಅವರೇ ತಿಂದು, ವಾಟೆ ಸುಡ್ತಿದ್ರು. ಮಕ್ಕಳಿಗೂ ಕೊಡ್ತಿರಲಿಲ್ಲ."

ಶೆಡ್ಡಿನ ಬಾಗಿಲು ತೆರೆದಿತ್ತು, ಅಳಿಯ ಕಾಣಲಿಲ್ಲ. ಹಿಂದುಗಡೆ ನಲ್ಲಿಯಲ್ಲಿ ಯಾರೋ ಗಂಟಲು ಕ್ಯಾಕರಿಸುವ ಸದ್ದು ಮಾತ್ರ ಕೇಳುತ್ತಿತ್ತು. ಸಾವಿನ ದಿನದಿಂದ ಕೆಲಸ ನಿಂತು, ಒಳಗೆಲ್ಲ ಹುಳಿ ವಾಸನೆ ಹಿಡಿದಿತ್ತು. ಇನ್‌ಸ್ಪೆಕ್ಟ್ರಮ್ಮನಿಗೆ ನೌಕರಿಯಿಂದ ಬಂದ ಒಂದು ಚಾಳಿಯಿದೆ: ಮುಚ್ಚಿಟ್ಟದ್ದು ಕಂಡರೆ ಎತ್ತಿ ನೋಡದೆ ಬಿಡುವುದಿಲ್ಲ. ಮೂಲೆಯಲ್ಲಿ ಒಂದು ಕಬ್ಬಿಣದ ಚೌಕಟ್ಟಿನ ಮೇಲೆ ಒದ್ದೆ ಗೋಣಿ ಹೊದಿಸಿತ್ತು. ಎರಡು ಬೆರಳಲ್ಲಿ ಅದರ ತುದಿ ಹಿಡಿದು ಎತ್ತಿದರು.

ಎತ್ತಿದವರು ಹಾಗೆಯೇ ನಿಂತರು.

ಚೌಕಟ್ಟಿನ ಬಲೆಯ ಕಣ್ಣುಗಳಲ್ಲಿ ಹಣ್ಣುಗಳನ್ನು ಸಾಲಾಗಿ ನಿಲ್ಲಿಸಿತ್ತು. ಉದ್ದನೆಯ ಹಣ್ಣು. ಮೇಲೆ ಗಿಣಿ ಕೊಕ್ಕಿನ ಹಾಗೆ ಸೊಟ್ಟಗೆ ಚೂಪು. ಕೆಳಗೆ ಬರುತ್ತ ಬರುತ್ತ ದಪ್ಪ. ಮೇಲೆಲ್ಲ ಹಸಿರು, ಕೆಳಗಡೆ ಕೆಂಪು. ಅರ್ಧದಷ್ಟು ಹಣ್ಣುಗಳು ಕೊಳೆತು ಕುಸಿದಿದ್ದವು. ಕೆಳಗಿನ ತಗಡಿನಲ್ಲಿ ಸೊನೆ ಇಳಿದು ಕಪ್ಪಗೆ ಅಂಟಾಗಿ, ಅದರಲ್ಲಿ ಇರುವೆಗಳು ಸಿಕ್ಕಿ ಸತ್ತಿದ್ದವು.

"ಅತ್ತಿಗೆ, ಇದೇ!" ಎಂದು ಮೈದುನ ಕೂಗಿದ. "ಅಳಿಯ ಹೇಳಿದ್ದು ಇದೇ ಹಣ್ಣು!"

"ಮೆಲ್ಲಗೆ! ತಲೆ ಕೆಳಗೆ ಮಾಡಿ ನಿಲ್ಲಿಸಿದಾರೆ ನೋಡು. ತೊಟ್ಟು ಕೆಳಗಿದೆ."

ಯಾಕೆಂದು ಅವರಿಗೆ ಗೊತ್ತಿತ್ತು, ಇಂಥ ಶೆಡ್ಡು ಎಷ್ಟೋ ನೋಡಿದ್ದರು. ಕಿತ್ತ ಹಣ್ಣಿನ ತೊಟ್ಟು ಮುರಿದರೆ ಸೊನೆ ಚಿಮ್ಮುತ್ತದೆ. ಸಿಪ್ಪೆಗೆ ತಾಗಿದರೆ ಸುಟ್ಟ ಹಾಗೆ ಕಲೆ. ಅದಕ್ಕೇ ತೊಟ್ಟು ಕೆಳಗೆ ಮಾಡಿ ನಿಲ್ಲಿಸಿ ಸೊನೆ ಇಳಿಸುತ್ತಾರೆ. ಹೀಗೆ ತಲೆಕೆಳಗಾಗಿ ನಿಂತ ಮಾವು ಮರದಲ್ಲಿ ಕಾಣುವುದಿಲ್ಲ, ಅಂಗಡಿಯಲ್ಲಿ ಕಾಣುವುದಿಲ್ಲ, ತಟ್ಟೆಯಲ್ಲಂತೂ ಕಾಣುವುದೇ ಇಲ್ಲ. ಇಲ್ಲಿ ಮಾತ್ರ ಕಾಣುತ್ತದೆ.

ಅಂದರೆ ಜಗಲಿಯಲ್ಲಿ ಕೂತ ಮುದುಕಿ ಅಳಿಯನಿಗೆ ಏನನ್ನೂ ಹೇಳಿರಲಿಲ್ಲ. ಆ ಹಣ್ಣನ್ನು ಅವನೇ ಇಲ್ಲಿ, ಈ ಚೌಕಟ್ಟಿನ ಮೇಲೆ ನೋಡಿದ್ದ. ನೋಡಿದ್ದನ್ನು ಮಾತು ಬಿದ್ದ ಮುದುಕಿಯ ಬಾಯಿಗೆ ತುರುಕಿದ್ದ.

ಇನ್‌ಸ್ಪೆಕ್ಟ್ರಮ್ಮ ಹೊರಗೆ ಹೋಗಿ ಠಾಣೆಗೆ ಫೋನ್ ಮಾಡಿದರು. "ಸಾಹೇಬ್ರೇ, ಹಣ್ಣು ಸಿಕ್ಕಿದೆ. ಮಾರ್ಕೆಟ್ಟಿನದಲ್ಲ. ತಕ್ಷಣ ನರ್ಸರಿ ಶೆಡ್ಡಿಗೆ ಬನ್ನಿ, ಬರುವಾಗ ನನ್ನ ಓರಗಿತ್ತೀನ ಬಿಡೋ ಕಾಗದಾನೂ ತನ್ನಿ."

ಅವರು ಒಳಗೆ ಬರುವಷ್ಟರಲ್ಲಿ ಅಳಿಯ ಬಂದಿದ್ದ. ಒದ್ದೆ ಮುಖ, ಒದ್ದೆ ಮೀಸೆ. ಕಾಲಲ್ಲಿ ಸತ್ತ ಮಾವನ ಚರ್ಮದ ಚಪ್ಪಲಿ. ಇವನ ಪಾದ ದೊಡ್ಡದು. ಹಿಮ್ಮಡಿ ಹೊರಗೆ ಚಾಚಿಕೊಂಡಿತ್ತು.

"ಏನ್ ಹುಡುಕ್ತಿದೀರಾ ಮೇಡಂ?"

"ಆ ಹಣ್ಣು ಹೇಗಿತ್ತು ಅಂತ ಇನ್ನೊಂದು ಸಲ ಹೇಳಿ ಅಳಿಯಂದ್ರೇ."

"ಅದೇ, ಮೇಲೆ ಕೊಕ್ಕು, ಕೆಳಗೆ ಕೆಂಪು. ಎಷ್ಟು ಸಲ ಹೇಳ್ಲಿ?"

"ನಿಮಗೆ ಹೇಳಿದ್ದು ಯಾರು?"

"ದೊಡ್ಡತ್ತೆ. ಮಾವನವರ ಅಕ್ಕ. ಪಾಪ, ಅದೇ ಕೊನೇ ಮಾತು ಅವರದು."

"ತಟ್ಟೇಲಿ ಮಾವಿನ ಹಣ್ಣು ಹೇಗಿರುತ್ತಪ್ಪ? ಮಲಗಿರುತ್ತೋ, ಕೊಕ್ಕು ಮೇಲೆ ಮಾಡ್ಕೊಂಡು ನಿಂತಿರುತ್ತೋ?"

ಅಳಿಯನ ಕಣ್ಣು ಮೂಲೆಗೆ ಹೋಯಿತು. ಗೋಣಿ ನೆಲದ ಮೇಲೆ ಬಿದ್ದಿತ್ತು.

"ನಿಂತಿರೋದು ಇಲ್ಲಿ," ಎಂದರು ಇನ್‌ಸ್ಪೆಕ್ಟ್ರಮ್ಮ. "ನೋಡಿದ್ದು ನೀವು. ಆ ಮುದುಕಿ ಹೆಸರಲ್ಲಿ ಹೇಳಿದಿರಿ. ಅವರಿಗೆ ಒಂದು ತೊಟ್ಟು ನೀರು ಕೊಡೋ ಗತಿ ಇಲ್ಲ ಈ ಮನೇಲಿ, ಸುಳ್ಳು ಹೇಳೋಕೆ ಮಾತ್ರ ಅವರ ಬಾಯಿ ಬೇಕು. ಛೀ! ಮಾವ ಸತ್ತ ಮೂರು ದಿನಕ್ಕೆ ಅವರ ಚಪ್ಪಲಿ ಮೆಟ್ಕೊಂಡು ತಿರುಗೋ ನಿಮಗೆ ನಾನು ನಾಚಿಕೆ ಬಗ್ಗೆ ಹೇಳೋದೇ ತಪ್ಪು. ಬೇಲಿ ಒಳಗಿನ ಮರದ್ದು ತಾನೆ ಇದು?"

ಅಳಿಯ ತುಟಿ ಸವರಿಕೊಂಡ. ಒಮ್ಮೆ ಬಾಗಿಲ ಕಡೆ ನೋಡಿದ. ಅಲ್ಲಿ ಮೈದುನ ಅಡ್ಡ ನಿಂತಿದ್ದ. ಅವನು ನಿಂತರೆ ಬಾಗಿಲು ತುಂಬುತ್ತದೆ.

"ಹೌದು," ಎಂದ ಕೊನೆಗೆ. "ಅದೇ ಮರದ್ದು. ಬೀಗಕ್ಕೆ ಇನ್ನೊಂದು ಕೀ ಮಾಡಿಸಿದ್ದೆ. ಹೊರಗಿನ ಪಾರ್ಟಿಗೆ ತೋರಿಸೋಣ ಅಂತ ಕಿತ್ತು ತಂದೆ. ಅವತ್ತು ಜನ ಕೇಳಿದ್ರು ಯಾವ ಹಣ್ಣು ಅಂತ. ಬೆಳಿಗ್ಗೆ ಮಾವನ ಕೈಲಿ ಈ ಹಣ್ಣು ಇದ್ದಿದ್ದನ್ನ ಜಗಲಿ ಮೆಟ್ಟಿಲಿಂದ ಕಂಡಿದ್ದೆ. ನನ್ನ ಗುಟ್ಟು ರಟ್ಟಾಯ್ತು, ಮಾವ ಶೆಡ್ಡಿಂದ ಎತ್ಕೊಂಡು ಬಂದಿದಾರೆ, ಇನ್ನು ಉಗೀತಾರೆ ಅಂತ ಓಡಿಬಂದು ಎಣಿಸಿದೆ. ಒಂದು ಕಡಿಮೆ ಇತ್ತು. ತಲೇಲಿ ಈ ಸಾಲೇ ತುಂಬಿತ್ತು, ಇಲ್ಲಿ ಕಂಡ ಹಾಗೆ ಬಾಯಿಗೆ ಬಂತು. ನಾನು ನೋಡಿದೆ ಅಂದ್ರೆ ಹಣ್ಣು ಕದ್ದಿದ್ದು ಗೊತ್ತಾಗುತ್ತಲ್ಲ, ದೊಡ್ಡತ್ತೆ ಹೇಳಿದ್ರು ಅಂದೆ. ಆಮೇಲೆ ವಿಷ ಅಂತ ಆಯ್ತು. ಆಡಿದ ಮಾತು ನುಂಗೋಕಾಗುತ್ತಾ?"

"ಹಣ್ಣು ತಂದವರು ನೀವು, ಮುಚ್ಚಿಟ್ಟವರು ನೀವು, ಸುಳ್ಳು ಹೇಳಿದವರು ನೀವು. ವಿಷ ಮಾತ್ರ ಬೇರೆಯವರು ಹಾಕಿದ್ರಾ?"

"ಕಳ್ಳ ನಾನು ಮೇಡಂ. ಕೊಲೆಗಾರ ಅಲ್ಲ. ನಾನು ತಂದ ಹಣ್ಣಲ್ಲಿ ವಿಷ ಇರಲಿಲ್ಲ. ನೋಡಿ!"

ಅವನು ಚೌಕಟ್ಟಿನಿಂದ ಕೊಳೆಯದ ಒಂದು ಹಣ್ಣು ಕಿತ್ತುಕೊಂಡ. ಪೆಟ್ಟಿಗೆಯ ದಾರ ಕೊಯ್ಯುವ ತುಕ್ಕು ಚಾಕುವನ್ನು ತೊಡೆಗೆ ಒರೆಸಿ ಹಣ್ಣು ಸೀಳಿದ. ದೊಡ್ಡದೊಂದು ಹೋಳನ್ನು ಸಿಪ್ಪೆ ಸಮೇತ ಬಾಯಿಗೆ ತುರುಕಿ, ಇವರನ್ನೇ ನೋಡುತ್ತ ಅಗಿದ. ರಸ ಮೀಸೆಯಿಂದ ಗದ್ದಕ್ಕೆ, ಗದ್ದದಿಂದ ಕತ್ತಿಗೆ, ಮಣಿಕಟ್ಟಿನಿಂದ ಮೊಣಕೈಗೆ ಇಳಿಯಿತು. ಮೊಣಕೈಯನ್ನು ಎತ್ತಿ ಅದನ್ನೂ ನೆಕ್ಕಿದ. ಇನ್‌ಸ್ಪೆಕ್ಟ್ರಮ್ಮನಿಗೆ ಕೊಲೆಗಿಂತ ಈ ದೃಶ್ಯವೇ ಹೆಚ್ಚು ಹೇಸಿಗೆ ಎಂದು ಒಂದು ಕ್ಷಣ ಅನ್ನಿಸಿತು.

"ಕಂಡ್ರಾ? ಬದುಕಿದೀನಿ. ನೀವೂ ತಿನ್ನಿ," ಎಂದು ಇನ್ನೊಂದು ಹೋಳು ಚಾಚಿದ.

ಇವರು ಹಿಂದೆ ಸರಿದರು. ಮೈದುನನ ಕೈ ಮುಂದೆ ಹೋಯಿತು. ಬೆಳಗಿನಿಂದ ಯಾರು ಏನು ಚಾಚಿದರೂ ತೆಗೆದುಕೊಂಡ ಕೈ ಅದು. ತಡೆಯುವಷ್ಟರಲ್ಲಿ ಹೋಳು ಬಾಯಿ ಸೇರಿತ್ತು.

"ಅಯ್ಯೋ ಮುಟ್ಠಾಳ!"

ಮೈದುನ ಎರಡು ಸಲ ಅಗಿದ. ದವಡೆ ನಿಂತಿತು. ಕಣ್ಣು ದೊಡ್ಡದಾಯಿತು, ಮುಖದ ಬಣ್ಣ ಇಳಿಯಿತು. ಬಾಗಿಲ ಕಂಬ ಹಿಡಿದುಕೊಂಡ.

ಇನ್‌ಸ್ಪೆಕ್ಟ್ರಮ್ಮ ಓಡಿ ಅವನ ಕತ್ತಿನ ಹಿಂದೆ ಗುದ್ದಿದರು. "ಉಗುಳೋ! ಉಗುಳು ಅಂದ್ರೆ!" ಎಂದು, ಹೇಸಿಗೆ ಗೀಸಿಗೆ ಎಲ್ಲ ಮರೆತು, ಅವನ ಬಾಯಿಯೊಳಗೆ ತಮ್ಮ ಬೆರಳನ್ನೇ ಹಾಕಲು ಹೋದರು. ಅವನು ತಲೆಯಾಡಿಸಿ ಆ ಕೈಯನ್ನು ಹಿಡಿದು ಪಕ್ಕಕ್ಕೆ ಸರಿಸಿದ. ಗುಟುಕ್ಕನೆ ನುಂಗಿದ.

"ವಿಷ ಅಲ್ಲ ಅತ್ತಿಗೆ."

"ಮತ್ತೇನೋ? ಯಾಕೆ ಹೀಗೆ ಬೆವರ್ತಿದೀಯ?"

"ಇದರಲ್ಲಿ ಕೊನೆಗೆ ಸೋಂಪು ಅಗಿದ ಹಾಗೆ ಒಂದು ತಂಪು ಬರುತ್ತೆ. ನಾಲಿಗೆ ತುದೀಲಿ. ಬೇರೆ ಯಾವ ಹಣ್ಣಲ್ಲೂ ಬರಲಿಲ್ಲ ಅದು. ಬೆಳಗಿಂದ ಅದನ್ನೇ ಹುಡುಕ್ತಿದ್ದೆ ಅಂತ ಈಗ ಗೊತ್ತಾಯ್ತು." ಅವನು ಕಂಬ ಬಿಟ್ಟು ಅತ್ತಿಗೆಯ ಕಡೆ ತಿರುಗಿದ. "ಈ ಹಣ್ಣು ನಾನು ತಿಂದಿದೀನಿ ಅತ್ತಿಗೆ. ಯಜಮಾನ್ರು ಸಾಯೋಕೆ ಮುಂಚೆ. ನಮ್ಮನೇಲಿ."

ಅಳಿಯ ಬೆರಳು ನೆಕ್ಕುವುದನ್ನು ನಿಲ್ಲಿಸಿದ.

"ಬಾಯಿ ಮುಚ್ಚು," ಎಂದರು ಇನ್‌ಸ್ಪೆಕ್ಟ್ರಮ್ಮ ಮೆಲ್ಲಗೆ. ಆದರೆ ಮೈದುನನ ಬಾಯಿಗೆ ಎಂದೂ ಬೀಗವಿರಲಿಲ್ಲ. ಹೆಂಡತಿಯ ಮೇಲಿನ ದಿಗಿಲಿನಲ್ಲಿ ಯಾರ ಮುಂದೆ ಮಾತಾಡುತ್ತಿದ್ದೇನೆ ಎಂಬುದೂ ಅವನಿಗೆ ತಿಳಿಯುತ್ತಿರಲಿಲ್ಲ.

"ಡಬ್ಬೀಲಿ ಹೆಚ್ಚಿಕೊಂಡು ತಂದಿದ್ಲು. ಸಿಪ್ಪೆ ತೆಗೆದಿದ್ಲು, ಅದಕ್ಕೇ ನನಗೆ ಗುರುತು ಹತ್ತಲಿಲ್ಲ. ತಿಂದು ಸುಮ್ನಿರಿ, ಯಾರಿಗೂ ಹೇಳ್ಬೇಡಿ ಅಂದ್ಲು. ಅಂಥ ಹಣ್ಣು ಕಂಡೇ ಇಲ್ಲ ಅಂತ ನಿಮ್ಮ ಹತ್ರ ಯಾಕೆ ಸುಳ್ಳು ಹೇಳಿದ್ಲು ಅತ್ತಿಗೆ? ಬೀಗ ಹಾಕಿದ್ದ ಮರದ ಹಣ್ಣು ಅವಳ ಕೈಗೆ ಹೇಗೆ ಬಂತು?"

ಹೊರಗೆ ಜೀಪು ಬಂದು ನಿಂತಿತು. ಬಾಗಿಲು ತೆರೆದ ಸದ್ದಾಯಿತು, ಬೂಟುಗಳು ಶೆಡ್ಡಿನ ಕಡೆ ತಿರುಗಿದವು. ಅಳಿಯ ಮಾವನ ಚಪ್ಪಲಿಯನ್ನು ಎಳೆದು ಸರಿಮಾಡಿಕೊಂಡು, ಮೀಸೆಯ ರಸವನ್ನು ಅಂಗೈಯಲ್ಲಿ ಒರೆಸಿದ.

"ಸಾಹೇಬ್ರು ಬಂದ್ರು ಮೇಡಂ," ಎಂದ. "ಹೇಗೂ ಕರೆಸಿದವರು ನೀವೇ. ಡಬ್ಬಿ ವಿಷಯ ನೀವೇ ಹೇಳ್ತೀರೋ, ನಾನು ಹೇಳ್ಲೋ?"